ಪಿಸಿ ಗೇಮಿಂಗ್‌ಗೆ ಹೆಡ್‌ಫೋನ್ ಕೊಳ್ಳುವಾಗ ಡಬ್ಬಿ ಓದಬೇಡಿ, ಕಿವಿ ಕೊಟ್ಟು ಕೇಳಿ

ಕೌಂಟರ್ ಸ್ಟ್ರೈಕ್ ಅನ್ನುವ ಗುಂಡು ಹಾರಿಸುವ ಗೇಮ್ ಆಡುವವರಿಗೆ ಮಿರಾಜ್ ಮ್ಯಾಪ್, ಅಂದರೆ ಆ ಹೆಸರಿನ ಆಟದ ಅಂಗಳ, ಗೊತ್ತೇ ಇರುತ್ತದೆ. ಎ ಸೈಟ್‌ನಲ್ಲಿ ಬಾಂಬ್ ಇಟ್ಟಾಗಿದೆ. ನಮ್ಮ ಕಡೆ ನಾನೊಬ್ಬನೇ ಉಳಿದಿದ್ದೇನೆ, ಎದುರು ಕಡೆಯೂ ಒಬ್ಬನೇ. ಪೆಟ್ಟಿಗೆಯ ಮರೆಯಲ್ಲಿ ಕೂತು ಜಂಗಲ್ ಅನ್ನುವ ಜಾಗದ ಕಡೆ ನೋಡುತ್ತಿದ್ದೆ. ಟಕ್ ಟಕ್ ಅಂತ ಎರಡು ಹೆಜ್ಜೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೆ ಮುಂದಿನಿಂದಲೋ ಹಿಂದಿನಿಂದಲೋ ಗೊತ್ತಾಗಲಿಲ್ಲ. ಮುಂದೆ ಇರಬೇಕು ಅಂದುಕೊಂಡು ಅಲ್ಲೇ ಗುರಿ ಹಿಡಿದೆ. ಅವನು ಹಿಂದಿನ ಪ್ಯಾಲೇಸ್‌ನಿಂದ ಇಳಿದು ಬಂದು ನನ್ನನ್ನು ಮುಗಿಸಿದ. ಇದು ಒಂದು ದಿನದ ಕಥೆ ಆಗಿದ್ದರೆ ಬಿಡಬಹುದಿತ್ತು, ತಿಂಗಳುಗಟ್ಟಲೆ ಹೀಗೇ ನಡೆಯಿತು.

ಆಗ ನನ್ನ ತಲೆ ಮೇಲಿದ್ದದ್ದು 4,200 ರೂಪಾಯಿ ಕೊಟ್ಟು ತಂದ ಹೆಡ್‌ಸೆಟ್. ಡಬ್ಬಿ ಮೇಲೆ ದೊಡ್ಡದಾಗಿ 7.1 ಸರೌಂಡ್ (ಸುತ್ತ ಎಂಟು ಸ್ಪೀಕರ್ ಇಟ್ಟ ಹಾಗೆ ಕೇಳಿಸುತ್ತದೆ ಅನ್ನುವುದು), 50 ಎಂಎಂ ಡ್ರೈವರ್ (ಕಪ್ ಒಳಗಿನ ಸ್ಪೀಕರ್), ಎರಡೂ ಕಡೆ ಬಣ್ಣ ಬದಲಿಸುವ ಲೈಟು. ಹೊರಗೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಅದೇ. ಒಂದು ಸಂಜೆ ಪಿಜಿಯ ರೂಮ್‌ಮೇಟ್ ತನ್ನ ಹಳೇ ಹೆಡ್‌ಫೋನ್ ಕೊಟ್ಟ. ಲೈಟಿಲ್ಲ, 7.1 ಇಲ್ಲ, ಬರೀ ಸ್ಟೀರಿಯೋ. ಅದನ್ನು ಹಾಕಿಕೊಂಡು ಅದೇ ಮ್ಯಾಪ್ ಆಡಿದಾಗ ಪ್ಯಾಲೇಸ್‌ನ ಮರದ ಹಲಗೆ ಮೇಲೆ ಯಾರೋ ಕಾಲಿಟ್ಟದ್ದು ನನ್ನ ಎಡ ಹೆಗಲ ಹಿಂದೆ ಕೇಳಿಸಿತು. ತಿರುಗಿದೆ, ಅಲ್ಲೇ ಇದ್ದ. ಅವತ್ತಿನಿಂದ ಕೊಂಡದ್ದು, ಗೆಳೆಯರಿಂದ ಕಡ ತಂದದ್ದು, ವಾಪಸ್ ಕಳಿಸಿದ್ದು ಎಲ್ಲ ಸೇರಿ ಸುಮಾರು ಹೆಡ್‌ಫೋನ್ ನನ್ನ ಕೈದಾಟಿ ಹೋಗಿವೆ.

ಗೇಮಿಂಗ್ ಹೆಡ್‌ಫೋನ್‌ಗೆ ಇರುವುದು ಎರಡೇ ಕೆಲಸ. ಸದ್ದು ಎಲ್ಲಿಂದ ಬಂತು ಅಂತ ಹೇಳಬೇಕು. ನಾಲ್ಕು ಗಂಟೆ ಹಾಕಿಕೊಂಡರೂ ತಲೆ ಮೇಲೆ ಭಾರ ಅನ್ನಿಸಬಾರದು. ಈ ಎರಡಕ್ಕೆ ದುಡ್ಡು ಹಾಕಿ. ಉಳಿದದ್ದು ಸಿಕ್ಕರೆ ಸಿಗಲಿ.

ದಿಕ್ಕು ಗೊತ್ತಾಗುವುದು ಹೇಗೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಅಂಗಡಿಯವರ ಅರ್ಧ ಮಾತು ತಾನಾಗಿಯೇ ಬಿದ್ದುಹೋಗುತ್ತದೆ. ನಮಗಿರುವುದು ಎರಡೇ ಕಿವಿ, ಅಲ್ವಾ? ಬಲಗಡೆ ಯಾರಾದರೂ ಚಪ್ಪಾಳೆ ತಟ್ಟಿದರೆ ಸದ್ದು ಮೊದಲು ಬಲಗಿವಿಗೆ ತಲುಪುತ್ತದೆ, ಎಡಗಿವಿಗೆ ಒಂದು ಚೂರು ತಡ. ಆ ತಡ ಎಷ್ಟು ಅಂದರೆ, ಹೆಚ್ಚೆಂದರೆ 0.7 ಮಿಲಿಸೆಕೆಂಡ್ ಆಸುಪಾಸು. ಜೊತೆಗೆ ತಲೆ ಅಡ್ಡ ಇರುವುದರಿಂದ ಎಡಗಿವಿಗೆ ಸದ್ದು ಸ್ವಲ್ಪ ಮಂದವಾಗಿ ಸಿಗುತ್ತದೆ. ಎಡ ಬಲ ಇಷ್ಟರಲ್ಲೇ ಗೊತ್ತಾಗುತ್ತದೆ. ಕಷ್ಟ ಇರುವುದು ಮುಂದೆ ಹಿಂದೆ, ಮೇಲೆ ಕೆಳಗೆ. ನೇರ ಮುಂದಿನ ಸದ್ದೂ ನೇರ ಹಿಂದಿನ ಸದ್ದೂ ಎರಡೂ ಕಿವಿಗೆ ಒಂದೇ ಹೊತ್ತಿಗೆ ಬರುತ್ತವೆ. ಅಲ್ಲಿ ಕೆಲಸಕ್ಕೆ ಬರುವುದು ಹೊರಕಿವಿಯ ಮಡಿಕೆಗಳು. ಸದ್ದು ಆ ಮಡಿಕೆಗೆ ತಾಗಿ ಬರುವಾಗ ದಿಕ್ಕಿಗೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ, ಮಿದುಳು ಚಿಕ್ಕಂದಿನಿಂದ ಆ ವ್ಯತ್ಯಾಸ ಕಲಿತಿರುತ್ತದೆ.

ಹೆಡ್‌ಫೋನ್ ಹಾಕಿಕೊಂಡಾಗ ಸದ್ದು ಪಕ್ಕದಿಂದ ನೇರ ಕಿವಿಗೆ ಬರುತ್ತದೆ, ಹಾಗಾಗಿ ಆ ಬದಲಾವಣೆಯನ್ನು ಗೇಮೇ ಲೆಕ್ಕ ಹಾಕಿ ಸದ್ದಿನಲ್ಲಿ ಬೆರೆಸಬೇಕು. ಇದಕ್ಕೆ ಎಚ್‌ಆರ್‌ಟಿಎಫ್ ಅನ್ನುತ್ತಾರೆ. ಕೌಂಟರ್ ಸ್ಟ್ರೈಕ್‌ಗೆ ಇದು 2017ರಲ್ಲಿ ಬಂತು, ಈಗಿನ ಕೌಂಟರ್ ಸ್ಟ್ರೈಕ್ 2, ಅಂದರೆ ಸಿಎಸ್ 2ರಲ್ಲಿ ಒಳಗೇ ಸೇರಿಕೊಂಡಿದೆ. ಅದೇ ಬಗೆಯ ಇನ್ನೊಂದು ಗೇಮ್ ವ್ಯಾಲರಂಟ್‌ಗೆ 2021ರಲ್ಲಿ ಬಂತು, ಅಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು. ಇವೆಲ್ಲ ತಯಾರಾಗಿರುವುದು ಎರಡು ಚಾನೆಲ್‌ನ ಸಾದಾ ಸ್ಟೀರಿಯೋ ಹೆಡ್‌ಫೋನ್‌ಗೆ. ಗೇಮ್ ಒಂದು ಸಲ ದಿಕ್ಕು ಬೆರೆಸಿ ಕಳಿಸಿದ ಸದ್ದನ್ನು ಹೆಡ್‌ಸೆಟ್‌ನ 7.1 ಸಾಫ್ಟ್‌ವೇರ್ ಇನ್ನೊಂದು ಸಲ ಕಲಸಿದರೆ ಎರಡೂ ಸೇರಿ ಕೆಟ್ಟುಹೋಗುತ್ತದೆ. ಮಿರಾಜ್‌ನಲ್ಲಿ ನನಗಾದದ್ದು ಇದೇ. ಹೆಡ್‌ಸೆಟ್ ಕೆಟ್ಟದ್ದೇ ಇತ್ತು, ಆದರೆ ಆ 7.1 ಬಟನ್ ಆಫ್ ಮಾಡಿದ್ದರೂ ಅರ್ಧ ತೊಂದರೆ ಕಡಿಮೆ ಆಗುತ್ತಿತ್ತು. ಅದನ್ನು ಆಗ ನನಗೆ ಯಾರೂ ಹೇಳಲಿಲ್ಲ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

7.1 ಪೂರ್ತಿ ದಂಡ ಅಂತ ಹೇಳುವುದಿಲ್ಲ. ಎಚ್‌ಆರ್‌ಟಿಎಫ್ ಇಲ್ಲದ, ಆದರೆ ಹೋಮ್ ಥಿಯೇಟರ್‌ಗೆ ಸರೌಂಡ್ ಕೊಡುವ ಕಥೆಯ ಗೇಮ್‌ಗಳು ಬೇಕಾದಷ್ಟಿವೆ. ಅಲ್ಲಿ ವರ್ಚುವಲ್ ಸರೌಂಡ್ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಹೆಡ್‌ಸೆಟ್ ಕಂಪನಿಗೆ ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್ 10ಕ್ಕೆ 2017ರಿಂದಲೇ ವಿಂಡೋಸ್ ಸೋನಿಕ್ ಅನ್ನುವುದು ಬಿಟ್ಟಿಯಾಗಿ ಬರುತ್ತಿದೆ. ಯಾವ ಸ್ಟೀರಿಯೋ ಹೆಡ್‌ಫೋನ್‌ಗಾದರೂ ನಡೆಯುತ್ತದೆ. ಕಾಸು ಕೊಟ್ಟು ತೊಗೊಳ್ಳುವವರಿಗೆ ಡಾಲ್ಬಿ ಅಟ್ಮಾಸ್ ಇದೆ. ಇನ್ನು ಒಂದೊಂದು ಕಪ್‌ನಲ್ಲಿ ಮೂರು ನಾಲ್ಕು ಪುಟ್ಟ ಸ್ಪೀಕರ್ ತುರುಕಿ ನಿಜವಾದ 7.1 ಅಂತ ಮಾರುವ ಹೆಡ್‌ಸೆಟ್‌ಗಳ ಕಡೆ ಹೋಗಬೇಡಿ. ಭಾರ ಜಾಸ್ತಿ, ಸದ್ದು ಕಡಿಮೆ ದರ್ಜೆ.

ಓಪನ್ ಬ್ಯಾಕೋ ಕ್ಲೋಸ್ಡ್ ಬ್ಯಾಕೋ

ಯಾವ ಕಂಪನಿ ಅಂತ ಯೋಚಿಸುವ ಮುಂಚೆ ಇದನ್ನು ತೀರ್ಮಾನ ಮಾಡಿ. ಓಪನ್ ಬ್ಯಾಕ್ ಹೆಡ್‌ಫೋನ್‌ನ ಕಪ್ ಹಿಂದೆ ಜಾಲರಿ ಇರುತ್ತದೆ, ಗಾಳಿ ಆಡುತ್ತದೆ, ಸದ್ದೂ ಹೊರಗೆ ಹೋಗುತ್ತದೆ. ಒಳಗೆ ಸದ್ದು ಕಟ್ಟಿಕೊಳ್ಳದ ಕಾರಣ ಜಾಗ ವಿಶಾಲವಾಗಿ ಕೇಳುತ್ತದೆ, ಯಾವುದು ಹತ್ತಿರ ಯಾವುದು ದೂರ ಅಂತ ಬಿಡಿಸಿ ಗೊತ್ತಾಗುತ್ತದೆ. ಫಿಲಿಪ್ಸ್ ಎಸ್‌ಎಚ್‌ಪಿ9500, ಸೆನ್‌ಹೈಸರ್ ಎಚ್‌ಡಿ 560ಎಸ್, ಆಡಿಯೋ ಟೆಕ್ನಿಕಾ ಎಡಿ700ಎಕ್ಸ್, ಎಕೆಜಿ ಕೆ702 ಇವೆಲ್ಲ ಆ ಜಾತಿಯವು. ಒಂದರ ಮೇಲೂ ಗೇಮಿಂಗ್ ಅನ್ನುವ ಮಾತಿಲ್ಲ. ಆದರೂ ಎಷ್ಟೋ ವರ್ಷದಿಂದ ಗೇಮ್ ಆಡುವವರು ಇವನ್ನೇ ಹುಡುಕಿ ಕೊಳ್ಳುತ್ತಿದ್ದಾರೆ.

ಆದರೆ ನಿಮ್ಮ ಮನೆ ಹೇಗಿದೆ ನೋಡಿಕೊಳ್ಳಿ. ಓಪನ್ ಬ್ಯಾಕ್ ಹೊರಗಿನ ಸದ್ದನ್ನು ತಡೆಯುವುದೇ ಇಲ್ಲ. ಐದರಲ್ಲಿ ತಿರುಗುವ ಫ್ಯಾನ್, ಅಡುಗೆಮನೆಯ ಕುಕ್ಕರ್ ವಿಷಲ್, ಹಾಲ್‌ನಲ್ಲಿ ಅಮ್ಮ ನೋಡುವ ಧಾರಾವಾಹಿ, ಎಲ್ಲ ಒಳಗೆ ಬರುತ್ತದೆ. ಅದನ್ನು ಮುಚ್ಚಲು ನೀವು ವಾಲ್ಯೂಮ್ ಏರಿಸುತ್ತೀರಿ, ಅಲ್ಲಿಗೆ ಓಪನ್ ಬ್ಯಾಕ್‌ನ ಲಾಭ ಹೋಯಿತು. ಪಿಜಿ ರೂಮಿನಲ್ಲಿ ಇಬ್ಬರು ಮೂವರು ಮಲಗುವ ಕಡೆ ರಾತ್ರಿ ಹನ್ನೊಂದಕ್ಕೆ ಓಪನ್ ಬ್ಯಾಕ್ ಹಾಕಿ ಆಡಿದರೆ ಪಕ್ಕದ ಮಂಚದವನಿಗೆ ಪ್ರತಿ ಗುಂಡೂ ಕೇಳುತ್ತದೆ. ಸ್ವಂತ ಕೋಣೆ ಇದ್ದು ಬಾಗಿಲು ಹಾಕಿಕೊಳ್ಳಲು ಆಗುವವರು ಓಪನ್ ಬ್ಯಾಕ್ ತೊಗೊಳ್ಳಿ. ಉಳಿದವರು ಕಪ್‌ನ ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್‌ಗೆ ಹೋಗಿ. ಬೇಯರ್‌ಡೈನಮಿಕ್ ಡಿಟಿ 770 ಪ್ರೋ, ಹೈಪರ್‌ಎಕ್ಸ್ ಕ್ಲೌಡ್ 2, ಕ್ಲೌಡ್ ಆಲ್ಫಾ ತರಹದವು ಕ್ಲೋಸ್ಡ್ ಬ್ಯಾಕ್ ಆದರೂ ದಿಕ್ಕು ಹೇಳುವುದರಲ್ಲಿ ಮೋಸ ಇಲ್ಲ.

ಇಲ್ಲಿ ಇನ್ನೊಂದು ದಾರಿಯೂ ಇದೆ, ಕಡಿಮೆ ಕಾಸಿನವರಿಗೆ ನಾನು ಮೊದಲು ಹೇಳುವುದೂ ಅದನ್ನೇ. ಕಿವಿಯೊಳಗೆ ಹಾಕುವ ಐಇಎಂ. ಎರಡು ಸಾವಿರದ ಒಳಗೇ ಮೂನ್‌ಡ್ರಾಪ್ ಚು, ಕೆಝಡ್ ತರಹದ ಚೀನಾ ಕಂಪನಿಗಳ ಒಳ್ಳೇ ಐಇಎಂಗಳು ಸಿಗುತ್ತವೆ. ಅದೇ ಬೆಲೆಯ ಲೈಟ್ ಹಾಕಿದ ಹೆಡ್‌ಸೆಟ್‌ಗಿಂತ ಇವು ಎಷ್ಟೋ ಮೇಲು. ದೊಡ್ಡ ಕೌಂಟರ್ ಸ್ಟ್ರೈಕ್ ಟೂರ್ನಮೆಂಟ್‌ಗಳ ವೇದಿಕೆಯಲ್ಲಿ ಆಟಗಾರರನ್ನು ನೋಡಿ. ತಲೆ ಮೇಲೆ ದೊಡ್ಡ ಹೆಡ್‌ಸೆಟ್ ಕಾಣುತ್ತದೆ, ಆದರೆ ಗೇಮ್‌ನ ಸದ್ದು ಎಷ್ಟೋ ಸಲ ಬರುವುದು ಅದರ ಒಳಗೆ ಕಿವಿಯಲ್ಲಿರುವ ಪುಟ್ಟ ಇಯರ್‌ಫೋನ್‌ನಿಂದ. ಮೇಲಿನದು ಜನರ ಕೂಗು ಒಳಗೆ ಬರದಂತೆ ತಡೆಯಲು. ಐಇಎಂನ ತೊಂದರೆ ಒಂದೇ, ಕೆಲವರಿಗೆ ಗಂಟೆಗಟ್ಟಲೆ ಕಿವಿಯೊಳಗೆ ಏನೋ ಇರುವುದು ಆಗಿಬರುವುದಿಲ್ಲ. ಮೂರು ಸೈಜಿನ ರಬ್ಬರ್ ತುದಿ ಬರುತ್ತವೆ, ಸರಿಯಾದ್ದನ್ನು ಹಾಕಿ ನೋಡಿ. ಕಿವಿ ಮುಚ್ಚಿದ ಹಾಗೆ ಕೂರದಿದ್ದರೆ ಬೇಸ್, ಅಂದರೆ ಕೆಳಸ್ವರ, ಎಲ್ಲ ಸೋರಿಹೋಗುತ್ತದೆ.

ಡಬ್ಬಿ ಮೇಲಿನ ಅಂಕಿಗಳು

ಡ್ರೈವರ್ ದೊಡ್ಡದಿದ್ದರೆ ಸದ್ದು ಚೆನ್ನಾಗಿರುತ್ತದೆ ಅನ್ನುವುದು ಸುಳ್ಳು. ನಾನು 4,200 ರೂಪಾಯಿ ದಂಡ ಮಾಡಿಕೊಂಡ ಹೆಡ್‌ಸೆಟ್‌ನಲ್ಲಿ 50 ಎಂಎಂ ಇತ್ತು. ಎಚ್‌ಡಿ 560ಎಸ್‌ನಲ್ಲಿ ಇರುವುದು 38 ಎಂಎಂ. ಐಇಎಂಗಳಲ್ಲಿ 10 ಎಂಎಂ. ಫ್ರೀಕ್ವೆನ್ಸಿ 20ರಿಂದ 20,000 ಹರ್ಟ್ಸ್ ಅಂತ ಎಲ್ಲದರ ಮೇಲೂ ಬರೆದಿರುತ್ತದೆ, ಮನುಷ್ಯನ ಕಿವಿಗೆ ಕೇಳುವುದೇ ಅಷ್ಟು. 40,000 ಅಂತ ಬರೆದಿದ್ದರೂ ನಿಮಗೇನೂ ಜಾಸ್ತಿ ಕೇಳುವುದಿಲ್ಲ.

ನೋಡಬೇಕಾದದ್ದು ಯಾವುದು ಎಷ್ಟು ಜೋರಾಗಿದೆ ಅನ್ನುವ ಸಮತೋಲ. ಗೇಮಿಂಗ್ ಹೆಸರಿನ ಹೆಡ್‌ಸೆಟ್‌ಗಳಲ್ಲಿ ಎಷ್ಟೋ ಬೇಸ್ ಎತ್ತಿ ಮಾಡಿರುತ್ತವೆ, ಅಂಗಡಿಯಲ್ಲಿ ಎರಡು ನಿಮಿಷ ಕೇಳಿದಾಗ ಧಡ್ ಅಂತ ಎದೆಗೆ ಹೊಡೆದ ಹಾಗಿರಲಿ ಅಂತ. ಆದರೆ ಜೋರಾದ ಕೆಳಸ್ವರ ಮೇಲಿನ ಸ್ವರಗಳನ್ನು ಮುಚ್ಚಿಬಿಡುತ್ತದೆ, ಇದು ನಮ್ಮ ಕಿವಿಯ ಗುಣ. ಗ್ರೆನೇಡ್ ಸಿಡಿದು ಅದರ ಗುಂಯ್ ಇನ್ನೂ ಇಳಿದಿರುವುದಿಲ್ಲ, ಅಷ್ಟರಲ್ಲಿ ಯಾರೋ ಮ್ಯಾಗಝಿನ್ ಬದಲಿಸಿದ ಸಣ್ಣ ಕ್ಲಿಕ್ ಕೇಳಬೇಕು. ಬೇಸ್ ತುಂಬಿದ ಹೆಡ್‌ಸೆಟ್‌ನಲ್ಲಿ ಆ ಕ್ಲಿಕ್ ಮುಳುಗಿಹೋಗುತ್ತದೆ. ಹಾಗಂತ ಬರೀ ಚುರುಕು ಸ್ವರ ಇರುವುದನ್ನೂ ತೊಗೊಳ್ಳಬೇಡಿ. ಬೇಯರ್‌ಡೈನಮಿಕ್‌ನದೇ ಡಿಟಿ 990 ಪ್ರೋವನ್ನು ತುಂಬ ಜನ ಹೊಗಳುತ್ತಾರೆ, ಹೆಜ್ಜೆಗಳು ನಿಜಕ್ಕೂ ಬಿಡಿಬಿಡಿಯಾಗಿ ಕೇಳುತ್ತವೆ, ಆದರೆ ಅದರ ಮೇಲಿನ ಸ್ವರ ಚೂಪು, ಎರಡು ಗಂಟೆ ಆದ ಮೇಲೆ ನನ್ನ ಕಿವಿ ದಣಿಯುತ್ತಿತ್ತು.

ಈಗಾಗಲೇ ಕೊಂಡದ್ದರಲ್ಲಿ ಬೇಸ್ ಜಾಸ್ತಿ ಇದ್ದರೆ ಎಸೆಯಬೇಡಿ. ಈಕ್ವಲೈಸರ್ ಎಪಿಒ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಹಾಕಿ, 150 ಹರ್ಟ್ಸ್‌ಗಿಂತ ಕೆಳಗಿನದನ್ನು ನಾಲ್ಕು ಡೆಸಿಬಲ್ ಇಳಿಸಿ ನೋಡಿ. ಮೊದಲ ದಿನ ಸಪ್ಪೆ ಅನ್ನಿಸುತ್ತದೆ, ವಾರದಲ್ಲಿ ಒಗ್ಗಿಹೋಗುತ್ತದೆ.

ಇಂಪಿಡೆನ್ಸ್, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ, ಅಂತ ಒಂದು ಅಂಕಿ ಇರುತ್ತದೆ, ಓಮ್‌ನಲ್ಲಿ. ಇದನ್ನು ಮಾತ್ರ ತಪ್ಪದೆ ಓದಿ. ಡಿಟಿ 770 ಪ್ರೋ ಒಂದೇ ಹೆಸರಿನಲ್ಲಿ 32, 80, 250 ಓಮ್ ಅಂತ ಮೂರು ಬಗೆಯಲ್ಲಿ ಸಿಗುತ್ತದೆ. 250 ಓಮ್‌ನದ್ದನ್ನು ನೇರ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸದ್ದು ಸಾಲದು, ಬೇರೆ ಆಂಪ್ಲಿಫೈಯರ್ ಬೇಕು. ಸೇಲ್‌ನಲ್ಲಿ ಕಡಿಮೆಗೆ ಬಂತು ಅಂತ ಅದನ್ನೇ ಕೊಂಡು ಆಮೇಲೆ ಆಂಪ್‌ಗೆ ಅಷ್ಟೇ ದುಡ್ಡು ಸುರಿದವರನ್ನು ಕಂಡಿದ್ದೇನೆ. ಆಂಪ್ ಇಲ್ಲದವರು 32ರಿಂದ 80 ಓಮ್ ಒಳಗೆ ಇರಿ. ಎಚ್‌ಡಿ 560ಎಸ್ 120 ಓಮ್, ಆದರೆ ಅದನ್ನು ಒಳ್ಳೇ ಮದರ್‌ಬೋರ್ಡ್ ಓಡಿಸುತ್ತದೆ. ಅದರ ಜೊತೆ ಬರುವ ಕೇಬಲ್‌ನ ತುದಿ ಮಾತ್ರ ದಪ್ಪ 6.3 ಎಂಎಂ, ಪಿಸಿಗೆ ಹಾಕಲು ಅಡಾಪ್ಟರ್ ಸಿಕ್ಕಿಸಬೇಕು. ಲ್ಯಾಪ್‌ಟಾಪ್‌ನ ಪಕ್ಕ ಅದು ಉದ್ದಕ್ಕೆ ಚಾಚಿ ನಿಲ್ಲುತ್ತದೆ, ಕೈ ತಾಗಿ ಜಾಕ್ ಮುರಿಯದ ಹಾಗೆ ನೋಡಿಕೊಳ್ಳಿ.

ಕ್ಯಾಬಿನೆಟ್‌ನ ಮುಂದಿನ ಜಾಕ್‌ಗೆ ಹಾಕಿದಾಗ ಮೌಸ್ ಅಲ್ಲಾಡಿಸಿದರೆ ಕಿರ್ ಅಂತ ಸದ್ದು ಬರುತ್ತಿದೆಯಾ? ಅದು ಹೆಡ್‌ಫೋನ್ ತಪ್ಪಲ್ಲ. ಮುಂದಿನ ಜಾಕ್‌ಗೆ ಬರುವ ತೆಳು ವೈರ್ ಇಡೀ ಕ್ಯಾಬಿನೆಟ್ ಒಳಗೆ ಹಾದು ಬರುತ್ತದೆ, ದಾರಿಯಲ್ಲಿ ಗದ್ದಲ ಹಿಡಿಯುತ್ತದೆ. ಹಿಂದಿನ ಹಸಿರು ಜಾಕ್‌ಗೆ ಹಾಕಿ ನೋಡಿ. ಆಗಲೂ ಹೋಗದಿದ್ದರೆ ಒಂದು ಪುಟ್ಟ ಯುಎಸ್‌ಬಿ ಡ್ಯಾಕ್ (ಕಂಪ್ಯೂಟರ್ ಹೊರಗೆ ಕೂರುವ ಸೌಂಡ್ ಕಾರ್ಡ್) ಸಾಕು. ಮತ್ತೆ, ಮೈಕ್ ಇರುವ ಒಂದೇ ಪಿನ್ನಿನ ಹೆಡ್‌ಸೆಟ್ ಡೆಸ್ಕ್‌ಟಾಪ್‌ನ ಹಸಿರು ಗುಲಾಬಿ ಎರಡು ಜಾಕ್‌ಗೆ ಹಾಗೇ ಹೊಂದುವುದಿಲ್ಲ, ನೂರಿನ್ನೂರು ರೂಪಾಯಿಯ ವೈ ಆಕಾರದ ಕೇಬಲ್ ಬೇಕು. ಡಬ್ಬಿಯಲ್ಲಿ ಇದೆಯಾ ಅಂತ ಮೊದಲೇ ಕೇಳಿ.

ವೈರ್ ಬೇಡ ಅನ್ನುವವರಿಗೆ

ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಸ್ಪರ್ಧೆಯ ಗೇಮ್ ಆಡಬೇಡಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 60 ಫ್ರೇಮ್‌ನ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. 200 ಮಿಲಿಸೆಕೆಂಡ್ ತಡ ಅಂದರೆ ನಿಮಗೆ ಹೆಜ್ಜೆ ಕೇಳುವ ಹೊತ್ತಿಗೆ ಹನ್ನೆರಡು ಫ್ರೇಮ್ ಕಳೆದುಹೋಗಿವೆ. ಅದಲ್ಲದೆ ಮೈಕ್ ಆನ್ ಆದ ಕೂಡಲೇ ಹಳೇ ಬ್ಲೂಟೂತ್ ಫೋನ್ ಕರೆಯ ಮೋಡ್‌ಗೆ ಬೀಳುತ್ತದೆ. ಸ್ಟೀರಿಯೋ ಹೋಗಿ ಎರಡೂ ಕಿವಿಗೆ ಒಂದೇ ಸದ್ದಿನ ಮಾನೋ ಆಗುತ್ತದೆ, ಸದ್ದು ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ದಿಕ್ಕು ಅನ್ನುವುದೇ ಉಳಿಯುವುದಿಲ್ಲ.

ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಬೇರೆಯೇ ಮಾತು. ತಡ ಗೊತ್ತೇ ಆಗುವುದಿಲ್ಲ, ಮೈಕೂ ಜೊತೆಗೇ ನಡೆಯುತ್ತದೆ. ಕ್ಲೌಡ್ ಆಲ್ಫಾ ವೈರ್‌ಲೆಸ್ ಒಂದು ಚಾರ್ಜ್‌ಗೆ 300 ಗಂಟೆ ಅಂತ ಕಂಪನಿ ಹೇಳುತ್ತದೆ. ಡಾಂಗಲ್ ಅನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ಗಳ ಪಕ್ಕ ಹಾಕಬೇಡಿ, ಅಲ್ಲಿ ಹಾರ್ಡ್ ಡಿಸ್ಕ್ ಓಡುತ್ತಿದ್ದರೆ ಅದೇ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎದ್ದು ಸದ್ದು ತುಂಡುತುಂಡಾಗುತ್ತದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಟೇಬಲ್ ಮೇಲೆ ತಂದಿಟ್ಟರೆ ಸರಿಹೋಗುತ್ತದೆ. ಆದರೂ ನನ್ನನ್ನು ಕೇಳಿದರೆ ಪಿಸಿ ಮುಂದೆ ಕೂತೇ ಆಡುವವರಿಗೆ ವೈರ್ ಇರುವುದೇ ಮೇಲು. ಅದೇ ದುಡ್ಡಿಗೆ ಸದ್ದು ಚೆನ್ನಾಗಿರುತ್ತದೆ, ಬ್ಯಾಟರಿ ಸಾಯುವ ಚಿಂತೆಯಿಲ್ಲ.

ತಲೆ, ಕಿವಿ, ಬೆವರು

ಸದ್ದಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ವಾಪಸ್ ಮಾಡಿದ ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವು ಹೋದದ್ದು ಸದ್ದು ಸರಿಯಿಲ್ಲ ಅಂತ ಅಲ್ಲ, ನೋವಿಗಾಗಿ. ತೂಕ 250 ಗ್ರಾಂ ಆಸುಪಾಸು ಇದ್ದರೆ ಮರೆತುಹೋಗುತ್ತದೆ. ಎಚ್‌ಡಿ 560ಎಸ್ ಕೇಬಲ್ ಬಿಟ್ಟು 240 ಗ್ರಾಂ. 350 ದಾಟಿದರೆ ಎರಡನೇ ಗಂಟೆಯಲ್ಲಿ ನೆತ್ತಿ ಮಾತಾಡಲು ಶುರು ಮಾಡುತ್ತದೆ. ಆದರೆ ತೂಕಕ್ಕಿಂತ ಹಿಡಿತ ಮುಖ್ಯ. ಅಂಗಡಿಯಲ್ಲಿ ಹಾಕಿದ ತಕ್ಷಣ ಗಟ್ಟಿಯಾಗಿ ಹಿಡಿದುಕೊಂಡರೆ ಏನೋ ಭದ್ರವಾಗಿದೆ ಅನ್ನಿಸುತ್ತದೆ, ಅದೇ ಹಿಡಿತ ಒಂದು ಗಂಟೆ ಆದ ಮೇಲೆ ದವಡೆ ಕೀಲಿನ ಹತ್ತಿರ ನೋವಾಗುತ್ತದೆ. ಸುಮ್ನೆ ಎರಡು ನಿಮಿಷ ಹಾಕಿ ತೆಗೆಯಬೇಡಿ. ಇಪ್ಪತ್ತು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ಓಡಾಡಿ, ಬೇರೆ ಸಾಮಾನು ನೋಡಿ.

ಕನ್ನಡಕ ಇರುವವರು ಕನ್ನಡಕ ಹಾಕಿಕೊಂಡೇ ಪರೀಕ್ಷೆ ಮಾಡಿ. ಪ್ಯಾಡ್ ಗಟ್ಟಿಯಿದ್ದರೆ ಕನ್ನಡಕದ ಕಡ್ಡಿ ಕಿವಿ ಮೇಲಿನ ಮೂಳೆಗೆ ಒತ್ತುತ್ತದೆ. ಜೊತೆಗೆ ಕಡ್ಡಿಯ ಪಕ್ಕ ಸಂದು ಬಿಟ್ಟು ಬೇಸ್ ಸೋರುತ್ತದೆ. ಮೆತ್ತನೆ ಬಟ್ಟೆಯ ವೆಲೂರ್ ಪ್ಯಾಡ್ ಇಂಥವರಿಗೆ ಒಳ್ಳೆಯದು. ಓಲೆ, ಜುಮುಕಿ ಹಾಕುವವರು ಕಪ್‌ನ ಆಳ ನೋಡಬೇಕು. ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತಿದ್ದರೆ ಅದು ಅರ್ಧ ಗಂಟೆಯಲ್ಲಿ ಉರಿಯಲು ಶುರುವಾಗುತ್ತದೆ.

ನಮ್ಮ ಹವಾಮಾನವನ್ನು ಹೊರದೇಶದ ರಿವ್ಯೂ ಮಾಡುವವರು ಲೆಕ್ಕಕ್ಕೆ ಇಟ್ಟುಕೊಂಡಿರುವುದಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ರೆಕ್ಸಿನ್ ತರಹದ ಪ್ಯಾಡ್ ಹಾಕಿಕೊಂಡು ಕೂತರೆ ಕಿವಿ ಬೇಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಇನ್ನೊಂದು ಬಗೆಯ ಕಾಟ. ಆ ಪಿಯು ಲೆದರ್ ಅನ್ನುವುದು ಬೆವರು ಮತ್ತು ತೇವಕ್ಕೆ ಒಂದೆರಡು ವರ್ಷದಲ್ಲಿ ಸಿಪ್ಪೆ ಬಿಡುತ್ತದೆ. ಮೊದಲು ಪ್ಯಾಡ್‌ನ ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಒಂದು ದಿನ ಹೆಡ್‌ಸೆಟ್ ತೆಗೆದು ಕನ್ನಡಿ ನೋಡಿದರೆ ಕುತ್ತಿಗೆ, ಕಿವಿ ಹಿಂದೆಲ್ಲ ಕಪ್ಪು ಚೂರುಗಳು. ಒರೆಸಿದಷ್ಟೂ ಬರುತ್ತವೆ, ಬಿಳಿ ಬನಿಯನ್ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ. ಆಟ ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಪ್ಯಾಡ್ ಒರೆಸಿಡಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಮುಚ್ಚಿಡುವುದಾದರೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ.

ಅದಕ್ಕೇ ಪ್ಯಾಡ್ ಮತ್ತು ಕೇಬಲ್ ಬದಲಿಸಲು ಆಗುತ್ತದಾ ಅನ್ನುವುದನ್ನು ನಾನು ಸದ್ದಿನಷ್ಟೇ ದೊಡ್ಡದಾಗಿ ನೋಡುತ್ತೇನೆ. ಕೇಬಲ್ ಮುರಿಯುವುದು ಎಷ್ಟೋ ಸಲ ಕಪ್‌ಗೆ ಸೇರುವ ಕಡೆ. ಕುರ್ಚಿಯ ಗಾಲಿ ಒಂದು ಸಲ ಹತ್ತಿದರೆ ಮುಗಿಯಿತು. ಡಿಟಿ 770 ಪ್ರೋ ಪ್ಯಾಡ್ ಬದಲಿಸಬಹುದು, ಕೇಬಲ್ ಮಾತ್ರ ಒಳಗೇ ಕೂರಿಸಿದ್ದು. ಎಸ್‌ಎಚ್‌ಪಿ9500 ಅದಕ್ಕೆ ಉಲ್ಟಾ, ಕೇಬಲ್ ಬಿಚ್ಚಬಹುದು, ಪ್ಯಾಡ್ ಸುಲಭವಾಗಿ ಬರುವುದಿಲ್ಲ. ಎಚ್‌ಡಿ 560ಎಸ್‌ನಲ್ಲಿ ಎರಡೂ ಆಗುತ್ತವೆ. ಆರು ವರ್ಷ ಬಾಳಿಸುವ ಮನಸ್ಸಿದ್ದರೆ ಇದನ್ನು ಲೆಕ್ಕಕ್ಕೆ ತೊಗೊಳ್ಳಿ.

ಮೈಕ್

ಮೈಕ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಂಡದವರಿಗೆ ಮಾತು ತಿಳಿದರೆ ಸಾಕು. ಬಾಯಿ ಹತ್ತಿರ ಬರುವ ಕಡ್ಡಿ ಮೈಕ್ ಇದ್ದರೆ ಕಪ್‌ನೊಳಗೆ ಅಡಗಿಸಿದ ಮೈಕ್‌ಗಿಂತ ಯಾವತ್ತೂ ಮೇಲು. ಫ್ಯಾನ್ ಸದ್ದಿಗೆ ಗೆಳೆಯರ ಜೊತೆ ಮಾತಾಡುವ ಆ್ಯಪ್ ಡಿಸ್ಕಾರ್ಡ್‌ನಲ್ಲಿ ಗದ್ದಲ ಅಳಿಸುವ ಕ್ರಿಸ್ಪ್ ಆನ್ ಮಾಡಿ, ಕುಕ್ಕರ್ ವಿಷಲ್ ಕೂಡ ಬಹಳಷ್ಟು ಅಳಿಸುತ್ತದೆ. ಮೈಕ್ ಇಲ್ಲದ ಹೆಡ್‌ಫೋನ್ ಇಷ್ಟವಾದರೆ ಅದನ್ನೇ ತೊಗೊಂಡು, ಟೇಬಲ್ ಮೇಲಿಡುವ ಯುಎಸ್‌ಬಿ ಮೈಕ್ ಬೇರೆ ಕೊಳ್ಳಬಹುದು. ಎಸ್‌ಎಚ್‌ಪಿ9500ಕ್ಕಾದರೆ ಕೇಬಲ್ ಜಾಗದಲ್ಲಿ ಸಿಕ್ಕಿಸುವ ವಿ ಮೋಡಾ ಬೂಮ್‌ಪ್ರೋ ಮೈಕ್ ಸರಿಯಾಗಿ ಹೊಂದುತ್ತದೆ. ಓಪನ್ ಬ್ಯಾಕ್ ಇರುವವರು ವಾಲ್ಯೂಮ್ ಜೋರಿಟ್ಟರೆ ಹೆಡ್‌ಫೋನ್‌ನಿಂದ ಸೋರಿದ ಸದ್ದು ಮೈಕ್‌ಗೆ ಹೋಗಿ ಗೆಳೆಯರಿಗೆ ಅವರದೇ ದನಿ ತಿರುಗಿ ಕೇಳುತ್ತದೆ, ಅಷ್ಟು ನೋಡಿಕೊಳ್ಳಿ.

ಕೊಳ್ಳುವಾಗ, ಕೊಂಡ ಮೇಲೆ

ಎರಡು ಸಾವಿರದ ಒಳಗೆ ಇರುವವರು ಐಇಎಂ ತೊಗೊಳ್ಳಿ, ಮರುಮಾತಿಲ್ಲ. ಮೂರರಿಂದ ಎಂಟು ಸಾವಿರದ ನಡುವೆ ಮೈಕ್ ಸಮೇತ ಒಳ್ಳೇ ವೈರ್ ಹೆಡ್‌ಸೆಟ್ ಸಿಗುತ್ತವೆ. ಹತ್ತು ದಾಟಿ ಹೋಗಲು ಆಗುತ್ತದೆ ಅಂದರೆ ಗೇಮಿಂಗ್ ಹೆಸರಿನ ಸಾಲು ಬಿಟ್ಟು ಸ್ಟುಡಿಯೋ ಹೆಡ್‌ಫೋನ್ ಸಾಲಿಗೆ ಬನ್ನಿ. ಇಪ್ಪತ್ತೈದು ಸಾವಿರದ ಮೇಲೆ ಗೇಮ್‌ಗೆ ಅಂತಲೇ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸಂಗೀತವೂ ಬೇಕು ಅನ್ನುವವರ ವಿಷಯ ಬೇರೆ.

ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಇದೆ. ಅಲ್ಲಿ ಬೆಲೆ ಕೇಳಿ, ಆದರೆ ಸೀಲ್ ಒಡೆಯದ ಡಬ್ಬಿ, ಜಿಎಸ್‌ಟಿ ಬಿಲ್, ಭಾರತದ ವಾರಂಟಿ ಈ ಮೂರೂ ಇಲ್ಲದೆ ಕೊಳ್ಳಬೇಡಿ. ಒಂದು ಸಲ ಒಂದು ಅಂಗಡಿಯಲ್ಲಿ ಬಿಲ್ ಬೇಡ ಅಂದರೆ ನಾನೂರು ಕಡಿಮೆ ಅಂದರು, ಒಪ್ಪಿಕೊಂಡೆ. ಮೂರು ತಿಂಗಳಿಗೆ ಬಲಗಡೆ ಸದ್ದು ನಿಂತಿತು. ಸರ್ವಿಸ್ ಸೆಂಟರ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿದರೆ ಅಂಥ ನಂಬರೇ ಇಲ್ಲ, ನಕಲಿ ಮಾಲು. ನಾನೂರು ಉಳಿಸಲು ಹೋಗಿ ಪೂರ್ತಿ ದುಡ್ಡು ಹೋಯಿತು, ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮನೆಗೆ ತಂದ ದಿನವೇ ಹೀಗೆ ಮಾಡಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಸ್ಪೇಷಿಯಲ್ ಸೌಂಡ್ ಆಫ್ ಮಾಡಿ. ಹೆಡ್‌ಸೆಟ್‌ನ ಆ್ಯಪ್‌ನಲ್ಲಿ 7.1 ಆಫ್ ಮಾಡಿ. ವ್ಯಾಲರಂಟ್ ಆದರೆ ಸ್ಪೀಕರ್ ಸ್ಟೀರಿಯೋ ಇಟ್ಟು ಎಚ್‌ಆರ್‌ಟಿಎಫ್ ಆನ್ ಮಾಡಿ. ಸಿಎಸ್ 2ರಲ್ಲಿ ಆಡಿಯೋ ಪುಟದಲ್ಲಿ ಈಕ್ಯೂ ಪ್ರೊಫೈಲ್ (ಸ್ವರಗಳ ಸಮತೋಲದ ಆಯ್ಕೆ) ಕ್ರಿಸ್ಪ್, ನ್ಯಾಚುರಲ್, ಸ್ಮೂತ್ ಅಂತ ಮೂರಿವೆ, ಒಂದೊಂದನ್ನೂ ಒಂದು ಸಂಜೆ ಇಟ್ಟು ಆಡಿ. ಲೌಡ್‌ನೆಸ್ ಈಕ್ವಲೈಸೇಷನ್ ಅನ್ನುವುದನ್ನು ಆನ್ ಮಾಡಿ ಅಂತ ಕೆಲವರು ಹೇಳುತ್ತಾರೆ. ಸಣ್ಣ ಹೆಜ್ಜೆ ಜೋರಾಗಿ ಕೇಳುವುದು ನಿಜ, ಆದರೆ ಹತ್ತಿರದ್ದೂ ದೂರದ್ದೂ ಒಂದೇ ಜೋರಿಗೆ ಬಂದು ದೂರದ ಅಂದಾಜು ಕೆಡುತ್ತದೆ. ನಾನು ಆಫ್ ಇಡುತ್ತೇನೆ.

ಆಮೇಲೆ ಒಬ್ಬ ಗೆಳೆಯನನ್ನು ಕರೆದು ನೀವಿಬ್ಬರೇ ಇರುವ ಕಸ್ಟಮ್ ಮ್ಯಾಚ್ ಹಾಕಿ. ನೀವು ಒಂದು ಕಡೆ ಅಲ್ಲಾಡದೆ ನಿಂತು ಕಣ್ಣು ಮುಚ್ಚಿ. ಅವನು ಸುತ್ತ ಓಡಿ ಎಲ್ಲಾದರೂ ನಿಲ್ಲಲಿ. ಅವನಿರುವ ಕಡೆಗೆ ಕಣ್ಣು ಮುಚ್ಚಿಕೊಂಡೇ ಮೌಸ್ ತಿರುಗಿಸಿ, ಆಮೇಲೆ ಕಣ್ಣು ಬಿಟ್ಟು ನೋಡಿ. ಇಪ್ಪತ್ತು ಸಲ ಮಾಡಿ, ಹಾಳೆಯಲ್ಲಿ ಗುರುತು ಹಾಕಿ. ಮುಂದೆ ಹಿಂದೆ ಎಷ್ಟು ಸಲ ತಪ್ಪಿತು ಅನ್ನುವುದನ್ನು ಬೇರೆ ಬರೆದುಕೊಳ್ಳಿ. ಹಳೇ ಹೆಡ್‌ಫೋನ್‌ನಲ್ಲೂ ಅದೇ ಇಪ್ಪತ್ತು ಸಲ ಮಾಡಿ. ನಾನು ಯಾವ ರಿವ್ಯೂಗಿಂತಲೂ ಈ ಹಾಳೆಯನ್ನು ನಂಬುತ್ತೇನೆ. ಹೊಸ ಹೆಡ್‌ಫೋನ್‌ಗೆ ಕಿವಿ ಒಗ್ಗಲು ಎರಡು ಮೂರು ದಿನ ಬೇಕು, ಹಾಗಾಗಿ ಮೊದಲ ದಿನದ ಲೆಕ್ಕ ಚೆನ್ನಾಗಿಲ್ಲದಿದ್ದರೆ ನಾಲ್ಕನೇ ದಿನ ಮತ್ತೆ ಮಾಡಿ.

ವಾಲ್ಯೂಮ್ ಕೂಡ ಅವತ್ತೇ ಗೊತ್ತು ಮಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ವಾರಕ್ಕೆ ನಾಲ್ಕೇ ಗಂಟೆ. ನಾವು ಒಂದೇ ಭಾನುವಾರ ಅಷ್ಟು ಆಡಿಬಿಡುತ್ತೇವೆ. ಗೇಮ್‌ನಲ್ಲಿ ಗುಂಡಿನ ಸದ್ದು ಹೆಜ್ಜೆಗಿಂತ ಎಷ್ಟೋ ಜೋರು, ಹೆಜ್ಜೆ ಕೇಳಲಿ ಅಂತ ಏರಿಸಿದ ವಾಲ್ಯೂಮ್‌ನಲ್ಲೇ ಪಕ್ಕದಲ್ಲಿ ಎಡಬ್ಲ್ಯೂಪಿ ಅನ್ನುವ ಭಾರೀ ಸ್ನೈಪರ್ ಬಂದೂಕು ಸಿಡಿಯುತ್ತದೆ. ಆಟ ನಿಲ್ಲಿಸಿದ ಮೇಲೆ ಕಿವಿಯಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿದ್ದರೆ ಜಾಸ್ತಿಯಾಗಿದೆ ಅಂತಲೇ ಅರ್ಥ, ಅವತ್ತೇ ಎರಡು ಗೆರೆ ಇಳಿಸಿ.

ಇಷ್ಟೆಲ್ಲ ಮಾಡಿಯೂ ದಿಕ್ಕು ಸರಿಯಾಗಿ ಸಿಗುತ್ತಿಲ್ಲ, ಇಲ್ಲವೇ ಮೂರನೇ ಗಂಟೆಗೆ ದವಡೆ ನೋಯುತ್ತಿದೆ ಅಂದರೆ ಒಗ್ಗಿಹೋಗಬಹುದು ಅಂತ ಕಾಯಬೇಡಿ. ವಾಪಸ್ ಮಾಡುವ ದಿನ ಮುಗಿಯುವುದರೊಳಗೆ ಕಳಿಸಿಬಿಡಿ. ಅಲ್ಲಿವರೆಗೆ ಡಬ್ಬಿ, ಒಳಗಿನ ಪ್ಲಾಸ್ಟಿಕ್ ಕವರ್, ಕೇಬಲ್ ಕಟ್ಟಿದ್ದ ಪುಟ್ಟ ತಂತಿ ಸಮೇತ ಎಲ್ಲವನ್ನೂ ಮಂಚದ ಕೆಳಗೆ ಎತ್ತಿಡಿ.